ಕಟ್ಟಿಟ್ಟ ಬುತ್ತಿ

ಜಪಾನಿ ಭಾಷೆಯಲ್ಲಿ 'ತ್ಸುಕುರಿಓಕಿ' ಅಂತೊಂದು ಪದ ಇದೆ. ತ್ಸುಕುರು ಅಂದ್ರೆ ಮಾಡು, ಓಕು ಅಂದ್ರೆ ಇಡು. ಎರಡೂ ಸೇರಿದರೆ ನಮ್ಮ 'ಮಾಡಿಡೋದು', ಅಕ್ಷರಶಃ ಅದೇ. ನಾವು ಹೇಳಿಡು, ಕೊಂಡಿಡು, ಮಾಡಿಡು ಅನ್ನುವ ಹಾಗೆ ಅವರೂ ಕ್ರಿಯಾಪದದ ಬಾಲಕ್ಕೆ ಒಂದು 'ಇಡು' ಅಂಟಿಸಿ ನಾಳೆಯ ಚಿಂತೆಯನ್ನು ಇವತ್ತೇ ಮುಗಿಸಿಕೊಳ್ಳುತ್ತಾರೆ. ಭಾಷೆ ಕಲಿಯಲು ಒದ್ದಾಡುತ್ತಿದ್ದ ಕಾಲದಲ್ಲಿ ನನಗೆ ತಟ್ಟನೆ ಅರ್ಥವಾದ ವ್ಯಾಕರಣ ಅಂದ್ರೆ ಇದೊಂದೇ.

ಈಗ ಆ ಪದ ಟೋಕಿಯೊದ ಪುಸ್ತಕದಂಗಡಿಗಳಲ್ಲಿ ಒಂದು ಇಡೀ ಕಪಾಟನ್ನೇ ಆಕ್ರಮಿಸಿಕೊಂಡಿದೆ. ಭಾನುವಾರ ಒಮ್ಮೆ ಒಲೆ ಹಚ್ಚಿ, ವಾರಕ್ಕಾಗುವಷ್ಟು ಪಲ್ಯ ಹುರಿದು ಬೇಯಿಸಿ ಡಬ್ಬಿ ತುಂಬಿ ಫ್ರಿಜ್ಜಿನಲ್ಲಿಡಿ, ಸೋಮವಾರದಿಂದ ಶುಕ್ರವಾರದವರೆಗೆ ಬೆಳಿಗ್ಗೆ ಬುತ್ತಿ ಕಟ್ಟೋದು ಹತ್ತು ನಿಮಿಷದ ಕೆಲಸ ಎನ್ನುವ ಪುಸ್ತಕಗಳು ಅವು. ಅವುಗಳಲ್ಲಿ ಹೆಚ್ಚು ಹೆಸರು ಮಾಡಿದ್ದು ನೊಜೊಮಿ ಅನ್ನುವ ಹೆಸರಿನಲ್ಲಿ ಬರೆಯುವ ಲೇಖಕಿಯ 'ತ್ಸುಕುಓಕಿ'. ಕೊಬುನ್‌ಶಾ ಪ್ರಕಾಶನದಿಂದ 2015ರಲ್ಲಿ ಬಂತು. ಅಂತರ್ಜಾಲದಲ್ಲಿ ಬರೆದಿದ್ದು ಆಮೇಲೆ ಪುಸ್ತಕವಾಗಿದ್ದು, ಈ ನಿಮ್ಮ ಕೈಯಲ್ಲಿರುವ ಪುಸ್ತಕದ ಹಾಗೇ ಅನ್ನಿ. ಮರುವರ್ಷ ಅಡುಗೆ ಪುಸ್ತಕಗಳಿಗೆಂದೇ ಇರುವ ಪ್ರಶಸ್ತಿಯೂ ಅದಕ್ಕೆ ಸಿಕ್ಕಿತು.

ಆ ಪುಸ್ತಕವನ್ನೂ ಅದರ ಅಕ್ಕತಂಗಿಯರನ್ನೂ ನಾನು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಓದುತ್ತಿದ್ದೇನೆ ಅನ್ನುವುದಕ್ಕಿಂತ ಬಳಸುತ್ತಿದ್ದೇನೆ ಅನ್ನೋದೇ ಸರಿ, ಪುಟಗಳ ಮೇಲೆ ಸೋಯಾ ಸಾಸಿನ ಕಲೆ ಇದೆ. ಹಾಗಾಗಿ ಮೊದಲು ಹೊಗಳಬೇಕಾದ್ದನ್ನು ಹೊಗಳಿಬಿಡುತ್ತೇನೆ.

ಈ ಪುಸ್ತಕಗಳಲ್ಲಿ ರುಚಿಯ ಬಗ್ಗೆ ಕಾವ್ಯ ಇಲ್ಲ. ಅಜ್ಜಿಯ ನೆನಪು, ಮಳೆಗಾಲದ ಸಂಜೆ, ತಾಯಿಯ ಸೆರಗು ಯಾವುದೂ ಇಲ್ಲ. ಇರೋದು ಕ್ರಮ. ಯಾವ ತರಕಾರಿ ಮೊದಲು ಹೆಚ್ಚಬೇಕು, ಒಂದು ಒಲೆಯಲ್ಲಿ ಬೇಯುವಾಗ ಇನ್ನೊಂದರಲ್ಲಿ ಏನು ಹುರಿಯಬೇಕು, ಯಾವುದು ಫ್ರಿಜ್ಜಿನಲ್ಲಿ ಎಷ್ಟು ದಿನ ತಡೆಯುತ್ತೆ, ಯಾವುದು ಫ್ರೀಜರಿಗೆ ಹೋಗುತ್ತೆ, ಯಾವುದು ಬುತ್ತಿಗೆ ಆಗುತ್ತೆ, ಯಾವುದು ನೀರು ಬಿಟ್ಟುಕೊಂಡು ಅನ್ನ ಕೆಡಿಸುತ್ತೆ. ಗೊಬೊ ಬೇರನ್ನೂ ಕ್ಯಾರೆಟ್ಟನ್ನೂ ಸಣ್ಣಗೆ ಕಡ್ಡಿಕಡ್ಡಿಯಾಗಿ ಹೆಚ್ಚಿ, ಎಳ್ಳೆಣ್ಣೆಯಲ್ಲಿ ಹುರಿದು, ಸೋಯಾ ಸಾಸ್, ಮಿರಿನ್, ಒಂದೆರಡು ಚೂರು ಒಣಮೆಣಸಿನಕಾಯಿ ಹಾಕಿ ಬಾಡಿಸುವ 'ಕಿನ್‌ಪಿರಾ' ನಾಲ್ಕೈದು ದಿನ ಇರುತ್ತೆ. ಬೇಯಿಸಿ ಹಿಂಡಿದ ಪಾಲಕ್ ಎರಡು ಮೂರು ದಿನ ಅಷ್ಟೇ, ಅದನ್ನು ವಾರದ ಮೊದಲಲ್ಲೇ ಖರ್ಚು ಮಾಡಬೇಕು. ಈ ತಿಳಿವಳಿಕೆಯನ್ನು ಯಾರೋ ಕೂತು ಲೆಕ್ಕ ಹಾಕಿ ಬರೆದುಕೊಡುವುದು ಸಣ್ಣ ಉಪಕಾರವಲ್ಲ. ನಮ್ಮಲ್ಲಿ ಇದೆಲ್ಲ 'ಅಂದಾಜು ಗೊತ್ತಾಗತ್ತೆ ಬಿಡು' ಅನ್ನುವ ಒಂದೇ ಮಾತಿನಲ್ಲಿ ಮುಗಿಯುತ್ತೆ. ಅತ್ತೆಗೆ ಗೊತ್ತಾಗುತ್ತೆ, ಸೊಸೆಗೆ ಗೊತ್ತಾಗೋದಿಲ್ಲ!

ಇಂಥ ಪದಾರ್ಥಗಳಿಗೆ ಹಳೆಯ ಹೆಸರೂ ಉಂಟು. 'ಜೋಬಿಸಾಯ್', ಅಂದರೆ ಯಾವಾಗಲೂ ಸಿದ್ಧವಾಗಿರುವ ಪಲ್ಯ. ಹಿಜಿಕಿ ಅನ್ನುವ ಕಡಲಪಾಚಿಯ ಬೇಯಿಸಿದ ಪಲ್ಯ, ಒಣಗಿಸಿದ ಮೂಲಂಗಿಯದು, ಕೊಂಬು ಪಾಚಿಯನ್ನು ಸೋಯಾದಲ್ಲಿ ಕಪ್ಪಗೆ ಕುದಿಸಿಟ್ಟದ್ದು, ಉಪ್ಪಿನಲ್ಲಿ ಹಾಕಿದ ಉಮೆಬೋಶಿ ಹಣ್ಣು. ನಮ್ಮ ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಮೆಂತ್ಯದಹಿಟ್ಟುಗಳ ಜಾತಿಗೆ ಸೇರಿದವು. ಇವುಗಳ ಉದ್ದೇಶ ಸರಳ: ಇವತ್ತು ಅಡುಗೆ ಮಾಡಲು ಆಗದಿದ್ದರೆ ಅನ್ನದ ಜೊತೆ ಇದೊಂದಿದೆ.

ತ್ಸುಕುರಿಓಕಿ ಪುಸ್ತಕಗಳ ಬಗ್ಗೆ ನನ್ನ ಮೊದಲ ತಕರಾರು ಇಲ್ಲೇ. ಜೋಬಿಸಾಯ್ ಕೆಲಸ ತಪ್ಪಿಸಲು ಇದ್ದದ್ದು. ಅದನ್ನು ಈ ಪುಸ್ತಕಗಳು ವಾರದ ಕಾರ್ಯಯೋಜನೆ ಮಾಡಿವೆ. ಹತ್ತಾರು ಬಗೆಯ ಪದಾರ್ಥ ಒಂದೇ ಮಧ್ಯಾಹ್ನದಲ್ಲಿ ಸಾಲಾಗಿ ಡಬ್ಬಿ ಸೇರಬೇಕು, ಡಬ್ಬಿಗಳೆಲ್ಲ ಒಂದೇ ಅಳತೆಯ ಬಿಳಿ ಪಿಂಗಾಣಿಯ ಹಾಗೆ ಹೊಳೆಯಬೇಕು, ಮೇಲಿನಿಂದ ಒಂದು ಫೋಟೊ ಬೇರೆ. ಬೆಳಗಿನ ಅರ್ಧ ಗಂಟೆ ಉಳಿಯಿತು, ನಿಜ. ಅದು ಹೋಗಿದ್ದೆಲ್ಲಿಗೆ? ಭಾನುವಾರಕ್ಕೆ. ಗಂಡ ಮಕ್ಕಳು ಅರಕಾವಾ ನದಿ ದಂಡೆಯಲ್ಲಿ ಸೈಕಲ್ ಹೊಡೆಯುವಾಗ ಒಬ್ಬಳು ಗೊಬೊ ಹೆಚ್ಚುತ್ತಾಳೆ. ಸೋಮವಾರದ ಗಡಿಬಿಡಿ ಹೋಗಿ ಭಾನುವಾರದ ಗಡಿಬಿಡಿ ಕಟ್ಟಿಟ್ಟ ಬುತ್ತಿ ಆಯಿತು.

ಇಷ್ಟಕ್ಕೂ ಒಂದು ಡಬ್ಬಿ ಊಟಕ್ಕೆ ಇಷ್ಟೆಲ್ಲ ಯಾಕೆ ಅಂತ ನಿಮಗೆ ಅನ್ನಿಸಬಹುದು. ಡಬ್ಬಿಗೆ ಇಲ್ಲಿ ನಿಯಮಗಳಿವೆ. ಅನ್ನ ಮೂರು ಪಾಲು, ಮೀನು ಮಾಂಸ ಮೊಟ್ಟೆ ತೋಫುವಿನಂಥದ್ದು ಒಂದು ಪಾಲು, ತರಕಾರಿ ಎರಡು ಪಾಲು ಎನ್ನುವ ಲೆಕ್ಕ ಒಂದು. ಹೀಗೆ ಸಂದಿಯಿಲ್ಲದೆ ತುಂಬಿದರೆ 600 ಮಿಲಿಲೀಟರಿನ ಡಬ್ಬಿಯಲ್ಲಿ ಹೆಚ್ಚು ಕಡಿಮೆ 600 ಕ್ಯಾಲೊರಿ ಇರುತ್ತೆ ಎನ್ನುವ ಲೆಕ್ಕ ಇನ್ನೊಂದು. ಅಡುಗೆಮನೆಯ ಗಣಿತದಲ್ಲಿ ಇಷ್ಟು ಚೆಂದದ್ದನ್ನು ನಾನು ಕಂಡಿಲ್ಲ. ಬಿಳಿ, ಕಪ್ಪು, ಕೆಂಪು, ಹಳದಿ, ಹಸಿರು ಐದು ಬಣ್ಣಗಳಿರಬೇಕು. ಮುಚ್ಚಳ ಹಾಕುವ ಮೊದಲು ಎಲ್ಲ ಪೂರ್ತಿ ಆರಬೇಕು, ಇಲ್ಲದಿದ್ದರೆ ಹಬೆ ನೀರಾಗಿ ಕೆಡುತ್ತೆ. ಜೂನ್ ತಿಂಗಳ ಮಳೆಯಲ್ಲಂತೂ ಎಚ್ಚರ. ಫ್ರಿಜ್ಜಿನಲ್ಲಿಟ್ಟ ಪಲ್ಯವನ್ನು ಬೆಳಿಗ್ಗೆ ಚೆನ್ನಾಗಿ ಬಿಸಿ ಮಾಡಿ, ಮತ್ತೆ ಆರಿಸಿಯೇ ತುಂಬಬೇಕು. 'ಹತ್ತು ನಿಮಿಷ' ಅನ್ನುವ ಪುಸ್ತಕಗಳು ಈ ಆರುವ ಹೊತ್ತನ್ನು ಲೆಕ್ಕಕ್ಕೆ ಹಿಡಿಯೋದಿಲ್ಲ, ಅದು ಬೇರೆ ಮಾತು.

ಅನ್ನದ ವಿಷಯ ಹೇಳಲೇಬೇಕು. ಜಪಾನಿನ ಗುಂಡು ಅಕ್ಕಿ ಆರಿದ ಮೇಲೂ ಮೆತ್ತಗೇ ಇರುತ್ತೆ, ಅದಕ್ಕೇ ತಣ್ಣಗಿನ ಬುತ್ತಿ ಅಲ್ಲಿ ಒಂದು ಸಂಸ್ಕೃತಿಯಾಗಿ ಬೆಳೆಯಿತು. ನಮ್ಮ ಸೋನಾಮಸೂರಿಯಲ್ಲಿ ಅಮೈಲೋಸ್ ಜಾಸ್ತಿ, ಆರಿದರೆ ಬಿರುಸಾಗುತ್ತೆ. ಅದಕ್ಕೇ ನಮ್ಮ ಹಿರಿಯರು ಬುತ್ತಿಯ ಅನ್ನಕ್ಕೆ ಎಣ್ಣೆ ಹುಣಸೆಯನ್ನೋ ಮೊಸರನ್ನೋ ಹಾಕಿ ಕಲಸಿದರು, ಬಯಲುಸೀಮೆಯವರು ಅನ್ನದ ಗೊಡವೆಯೇ ಬೇಡ ಅಂತ ರೊಟ್ಟಿಗೆ ಶೇಂಗಾ ಚಟ್ನಿ ಸುತ್ತಿದರು. ನಿಶಿಕಸಾಯ್‌ನ ಇಂಡಿಯನ್ ಅಂಗಡಿಯಿಂದ ತಂದ ಸೋನಾಮಸೂರಿಯನ್ನು ಬೆಂತೊ ಡಬ್ಬಿಗೆ ತುಂಬಿ, ಮಧ್ಯಾಹ್ನ ಮಗಳು ಅದನ್ನು ಚಾಪ್‌ಸ್ಟಿಕ್ಕಿನಲ್ಲಿ ಎತ್ತಲು ನೋಡುವ ದೃಶ್ಯ ಊಹಿಸಿಕೊಳ್ಳಿ.

ಈಗ ಸ್ವಲ್ಪ ಗಂಭೀರವಾದ ವಿಷಯ. ಅಮೆರಿಕದ ಮಾನವಶಾಸ್ತ್ರಜ್ಞೆ ಆ್ಯನ್ ಆಲಿಸನ್ 1991ರಲ್ಲಿ ಜಪಾನಿನ ತಾಯಂದಿರು ಮತ್ತು ಬೆಂತೊ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಅವರ ಮಗ ಟೋಕಿಯೊದ ಶಿಶುವಿಹಾರಕ್ಕೆ ಹೋಗುತ್ತಿದ್ದ. ಫ್ರೆಂಚ್ ಚಿಂತಕ ಅಲ್ತುಸೇರನ ಪರಿಭಾಷೆ ಬಳಸಿ ಅವರು ಹೇಳಿದ್ದನ್ನು ನಮ್ಮ ಮಾತಿನಲ್ಲಿ ಹೇಳೋದಾದರೆ ಇಷ್ಟು: ಡಬ್ಬಿ ಬರೀ ಊಟವಲ್ಲ. ಅದರ ಮೂಲಕ ಸಮಾಜ ಮಗುವಿಗೆ 'ಎಲ್ಲರ ಜೊತೆ, ಇಟ್ಟದ್ದನ್ನು, ಹೊತ್ತಿಗೆ ಸರಿಯಾಗಿ, ಪೂರ್ತಿ ತಿನ್ನು' ಅಂತ ಪಾಠ ಹೇಳುತ್ತೆ, ತಾಯಿಗೆ 'ನಿನ್ನ ತಾಯ್ತನವನ್ನು ದಿನಾ ಡಬ್ಬಿಯಲ್ಲಿಟ್ಟು ತೋರಿಸು' ಅಂತ ಹೇಳುತ್ತೆ. ಮಗು ಡಬ್ಬಿ ಖಾಲಿ ಮಾಡಿತೋ ಇಲ್ಲವೋ ಎನ್ನುವುದು ಇಬ್ಬರ ಪರೀಕ್ಷೆಯ ಫಲಿತಾಂಶ. ಡಬ್ಬಿಯ ಮೇಲೆ ದೇಶದ ಕಣ್ಣು ಬೀಳೋದು ಜಪಾನಿಗೆ ಹೊಸತೂ ಅಲ್ಲ. ಯುದ್ಧದ ಕಾಲದಲ್ಲಿ, 1939ರ ಸೆಪ್ಟೆಂಬರಿನಿಂದ, ಪ್ರತಿ ತಿಂಗಳ ಒಂದನೇ ತಾರೀಖು ದೇಶಸೇವೆಯ ದಿನ ಅಂತ ಘೋಷಿಸಿದ್ದರು. ಅವತ್ತು ಬಿಳಿ ಅನ್ನದ ನಡುವೆ ಒಂದೇ ಒಂದು ಕೆಂಪು ಉಮೆಬೋಶಿ ಇಟ್ಟ, ಬಾವುಟದಂತೆ ಕಾಣುವ 'ಹಿನೊಮಾರು ಬೆಂತೊ' ತಿನ್ನಿ ಎನ್ನುವ ಪ್ರಚಾರ ನಡೆಯಿತು.

ಆಲಿಸನ್ ಬರೆದಿದ್ದನ್ನು ಓದಿದಾಗ ನಮ್ಮ ಮಗಳ ಶಿಶುವಿಹಾರದ ಚೀಟಿ ನೆನಪಾಯಿತು. ಯಾವ ಶಿಶುವಿಹಾರ ಅನ್ನೋದು ಮುಖ್ಯವಲ್ಲ. 'ಮಗುವಿಗೆ ಮುಗಿಸಿದ ಖುಷಿ ಸಿಗುವಷ್ಟೇ ಹಾಕಿ' ಅಂತ ತುಂಬ ಮೃದುವಾಗಿ, ಮೂರು ಬಾರಿ ಕ್ಷಮೆ ಕೇಳಿ ಬರೆದಿದ್ದರು. ನಮ್ಮ ಕಡೆ ಆಗಿದ್ದರೆ 'ಡಬ್ಬಿ ಖಾಲಿ ಮಾಡ್ಕೊಂಡು ಬಾ' ಅಂತ ಮಗುವಿಗೆ ಗದರುತ್ತಿದ್ದರು. ಇಲ್ಲಿ ಗದರಿಕೆ ಅಮ್ಮನಿಗೆ, ಅದೂ ಹೂವಿನಲ್ಲಿ ಸುತ್ತಿ. ಚೀಟಿ ಅಪ್ಪನ ಹೆಸರಿಗೆ ಬಂದಿರಲಿಲ್ಲ ಅನ್ನುವುದನ್ನು ಬೇರೆ ಹೇಳಬೇಕೇ?

ಆದರೂ ಆಲಿಸನ್ ಅವರ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ತೆರೆದ ಡಬ್ಬಿಯನ್ನು ಅವರು ಬಹಳ ಸೂಕ್ಷ್ಮವಾಗಿ ಓದುತ್ತಾರೆ. ತಾಯಂದಿರಿಗೆ ಇದರಲ್ಲಿ ಸೃಷ್ಟಿಯ ಸುಖವೂ ಇದೆ ಅಂತ ಒಪ್ಪುತ್ತಾರೆ. ಆದರೆ ಡಬ್ಬಿಗೆ ಹಿಂದಿನ ಬೆಳಗು ಮಾತ್ರ ಅವರಿಗೆ ಮುಖ್ಯ, ಅದರ ಹಿಂದಿನ ವಾರ ಅಷ್ಟಾಗಿ ಅಲ್ಲ. ಕೆಲಸಕ್ಕೆ ಹೋಗುವ ಹೆಂಗಸು ಡಬ್ಬಿಯ ನಿಯಮವನ್ನು ಮುರಿಯದೆ, ಪಾಲಿಸಿದಂತೆ ತೋರಿಸುತ್ತಲೇ, ಒಳಗೊಳಗೇ ಹೇಗೆ ಸಡಿಲಿಸಿಕೊಳ್ಳುತ್ತಾಳೆ ಅನ್ನೋದು ಡಬ್ಬಿ ನೋಡಿದರೆ ಗೊತ್ತಾಗೋದಿಲ್ಲ, ಫ್ರಿಜ್ ನೋಡಬೇಕು. ಮೊಟ್ಟೆಯ ಸುರುಳಿ ಇವತ್ತಿನದು, ಕಿನ್‌ಪಿರಾ ಭಾನುವಾರದ್ದು, ಮೂಲೆಯಲ್ಲಿರುವ ಕ್ರೊಕೆ ಕಾರ್ಖಾನೆಯದ್ದು. ಡಬ್ಬಿಯಲ್ಲಿ ಇಟ್ಟರೆ ಮಧ್ಯಾಹ್ನದ ಹೊತ್ತಿಗೆ ತಾನಾಗೇ ಕರಗಿ ತಿನ್ನಲು ಸಿದ್ಧವಾಗುವ ಫ್ರೋಜನ್ ತಿಂಡಿಗಳು ಇಲ್ಲಿನ ಎಲ್ಲ ಸೂಪರ್ ಮಾರ್ಕೆಟ್ಟಿನಲ್ಲೂ ಇವೆ. ಮುಚ್ಚಳ ತೆಗೆದರೆ ಮೂರೂ ಒಂದೇ ಪ್ರೀತಿಯಿಂದ ನಗುತ್ತವೆ.

ಇದಕ್ಕೆ ಜಪಾನಿಯಲ್ಲಿ ಒಂದು ಬೈಗುಳ ಉಂಟು, 'ತೆನುಕಿ'. ತೆ ಅಂದರೆ ಕೈ, ನುಕಿ ಅಂದರೆ ತೆಗೆದದ್ದು. ಕೈ ಹಾಕಬೇಕಾದಲ್ಲಿ ಕೈ ಹಾಕದೆ ಮುಗಿಸಿದ ಅಡುಗೆ. ಕೈರುಚಿ, ಕೈಗುಣ ಅಂತ ಮಾತಾಡುವ ನಮಗೆ ಇದರ ಚುಚ್ಚು ಬೇಗ ಅರ್ಥವಾಗುತ್ತೆ. 2020ರ ಜುಲೈಯಲ್ಲಿ, ಅಂಗಡಿಯಲ್ಲಿ ಸಿದ್ಧ ಪೊಟ್ಯಾಟೊ ಸಲಾಡ್ ಕೊಳ್ಳುತ್ತಿದ್ದ ತಾಯಿಯೊಬ್ಬಳಿಗೆ ಮುದುಕನೊಬ್ಬ 'ಅಮ್ಮ ಅನ್ನಿಸಿಕೊಂಡ ಮೇಲೆ ಇದಾದರೂ ಮನೇಲಿ ಮಾಡಬಾರದೇ' ಅಂದನಂತೆ ಎನ್ನುವ ಟ್ವೀಟೊಂದು ಜಪಾನಿನ ತುಂಬ ಹರಿದಾಡಿತು. ಮರುತಿಂಗಳು ಫ್ರೋಜನ್ ಗ್ಯೋಜಾ ಬಡಿಸಿದ್ದಕ್ಕೆ ಗಂಡನಿಂದ 'ತೆನುಕಿ' ಅನ್ನಿಸಿಕೊಂಡ ಹೆಂಗಸಿನ ಮಾತು ಬಂತು. ಅಜಿನೊಮೊತೊ ಫ್ರೋಜನ್ ಫುಡ್ಸ್ ಕಂಪನಿ ಅದಕ್ಕೆ ಉತ್ತರ ಕೊಟ್ಟಿತು: ಇದು ತೆನುಕಿ ಅಲ್ಲ, 'ತೆಮಾನುಕಿ'. ತೆಮಾ ಅಂದರೆ ತಗಲುವ ಶ್ರಮ. ಕೈ ತೆಗೆದಿಲ್ಲ, ಶ್ರಮ ತೆಗೆದಿದ್ದೇವೆ ಅಂತ. ಒಂದೇ ಒಂದು ಅಕ್ಷರ ಸೇರಿಸಿ ಬೈಗುಳವನ್ನು ಹೊಗಳಿಕೆ ಮಾಡಿದ್ದಕ್ಕೆ ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಕಂಪನಿಯ ಹಿತ ಅದರ ಗ್ಯೋಜಾ ಮಾರಾಟದಲ್ಲಿದೆ ಅಂತ ಗೊತ್ತಿದ್ದೇ ತಟ್ಟಿದೆ.

ತ್ಸುಕುರಿಓಕಿ ಪುಸ್ತಕಗಳು ಈ ಬೈಗುಳಕ್ಕೆ ಹೆದರಿ ಬರೆದಂಥವು ಅಂತ ನನ್ನ ಗುಮಾನಿ. ಫ್ರೋಜನ್ ಪೊಟ್ಟಣ ಕತ್ತರಿಸಿದರೆ ತೆನುಕಿ. ಅದೇ ಕ್ರೊಕೆಯನ್ನು ಭಾನುವಾರ ತಾನೇ ಕಟ್ಟಿ ತಾನೇ ಫ್ರೀಜ್ ಮಾಡಿದರೆ ಗೃಹಿಣಿಯ ಜಾಣ್ಮೆ! ರುಚಿಯಲ್ಲಿ ಸ್ವಲ್ಪ ವ್ಯತ್ಯಾಸ ಇದ್ದೀತು, ಖರ್ಚಿನಲ್ಲೂ ಇದ್ದೀತು. ಆದರೆ ಮುಖ್ಯ ವ್ಯತ್ಯಾಸ ಇರೋದು ಯಾರ ಕೈ ಸವೆಯಿತು ಅನ್ನುವುದರಲ್ಲಿ. ಜಪಾನ್ ಸರಕಾರದ 2021ರ ಸಮೀಕ್ಷೆಯ ಪ್ರಕಾರ ಆರು ವರ್ಷದೊಳಗಿನ ಮಕ್ಕಳಿರುವ ಮನೆಯಲ್ಲಿ ಹೆಂಡತಿ ದಿನಕ್ಕೆ 7 ಗಂಟೆ 28 ನಿಮಿಷ ಮನೆ ಮಕ್ಕಳ ಕೆಲಸ ಮಾಡುತ್ತಾಳೆ, ಗಂಡ 1 ಗಂಟೆ 54 ನಿಮಿಷ. ಐದು ವರ್ಷ ಹಿಂದೆ ಗಂಡನದು 1 ಗಂಟೆ 23 ನಿಮಿಷ ಇತ್ತಂತೆ, ಆ ಏರಿಕೆಯನ್ನೇ ಪತ್ರಿಕೆಗಳು ಸಂಭ್ರಮದಿಂದ ಬರೆದವು. ಈ ನಾಡಿನಲ್ಲಿ 2009ರ ಸುಮಾರಿಗೆ, ಆರ್ಥಿಕ ಮುಗ್ಗಟ್ಟಿನಲ್ಲಿ ಗಂಡಸರು ತಾವೇ ಡಬ್ಬಿ ಕಟ್ಟಿಕೊಂಡು ಆಫೀಸಿಗೆ ಹೋಗತೊಡಗಿದಾಗ ಅವರಿಗೆ 'ಬೆಂತೊ ದಾನ್‌ಶಿ', ಬುತ್ತಿಯ ಹುಡುಗರು ಅಂತ ಹೆಸರೇ ಹುಟ್ಟಿತು. ಅಷ್ಟು ವರ್ಷ ಡಬ್ಬಿ ಕಟ್ಟಿದ ಹೆಂಗಸರಿಗೆ ಯಾರೂ ಹೆಸರಿಟ್ಟಿರಲಿಲ್ಲ.

ಇಲ್ಲಿ ಒಂದು ಸಿನಿಮಾದ ಬಗ್ಗೆ ಹೇಳಬೇಕು. 2019ರಲ್ಲಿ ಬಂದ, ತ್ಸುಕಾಮೊತೊ ರೆನ್‌ಪೇ ನಿರ್ದೇಶಿಸಿದ 'ಕ್ಯೋಮೊ ಇಯಾಗರಾಸೆ ಬೆಂತೊ'. ಇವತ್ತೂ ಕಾಟದ ಬುತ್ತಿ ಅನ್ನಬಹುದೇನೋ. ನಿಜವಾದ ತಾಯಿಯೊಬ್ಬರು ಬರೆದುಕೊಂಡ ಅನುಭವವೇ ಕತೆ. ಹಚಿಜೋ ದ್ವೀಪದಲ್ಲಿ ಗಂಡನಿಲ್ಲದೆ ಮಕ್ಕಳನ್ನು ಸಾಕುವ ಕಾವೋರಿ, ಮಾತೇ ಆಡದೆ ಮುಖ ಸಿಂಡರಿಸುವ ಹೈಸ್ಕೂಲ್ ಮಗಳ ಮೇಲೆ ಸೇಡು ತೀರಿಸಿಕೊಳ್ಳಲು ಮೂರು ವರ್ಷ ದಿನಾ ಡಬ್ಬಿಯಲ್ಲಿ ಗೊಂಬೆಮುಖ, ಗೇಲಿ, ಬುದ್ಧಿಮಾತುಗಳನ್ನು ನೋರಿ ಹಾಳೆಯಲ್ಲಿ ಕತ್ತರಿಸಿ ಬರೆದು ಕಳಿಸುತ್ತಾಳೆ. ಇದು 'ಕ್ಯಾರಾಬೆನ್', ಡಬ್ಬಿಯಲ್ಲಿ ಚಿತ್ರ ಬಿಡಿಸುವ ಕಲೆ. ಹಿಂದಿನ ದಿನವೇ ಮಾಡಿಡಲು ಬಾರದ ಕಲೆ, ಯಾಕಂದ್ರೆ ಹಸಿಗೆ ನೋರಿ ಮುದುಡಿ ಮುಖದ ನಗು ಸೊಟ್ಟಗಾಗುತ್ತೆ. ಶಿನೊಹಾರಾ ರ್ಯೋಕೊ ತಾಯಿಯ ಪಾತ್ರದಲ್ಲಿ ಚೆನ್ನಾಗಿ ನಗಿಸುತ್ತಾರೆ. ಸೇಡಿಗೆ ಬುತ್ತಿ ಎನ್ನುವ ಕಲ್ಪನೆಯೇ ಆಲಿಸನ್ ಪ್ರಬಂಧಕ್ಕೆ ಒಳ್ಳೆ ಉತ್ತರ: ತಾಯ್ತನ ತೋರಿಸು ಅಂತೀರಾ, ತಗೊಳ್ಳಿ!

ಆದರೆ ಸಿನಿಮಾ ಕೊನೆಕೊನೆಗೆ ನಮ್ಮಿಂದ ಕಣ್ಣೀರು ಕೇಳುತ್ತೆ. ದುಡಿದು ಸುಸ್ತಾದ ಹೆಂಗಸು ಬೆಳಗ್ಗೆ ಮತ್ತೆ ಎದ್ದು ನೋರಿ ಕತ್ತರಿಸುವುದನ್ನು ನೋಡಿ 'ಅಬ್ಬಾ ತಾಯಿ' ಅನ್ನಬೇಕಂತೆ. ನನಗೆ 'ಅಮ್ಮಾ, ಮಲಕ್ಕೊ' ಅನ್ನಿಸಿತು. ಅದಕ್ಕಿಂತ ನನಗೆ ಹಿಡಿಸಿದ್ದು ಸಿನಿಮಾದ ಒಂದು ಸಣ್ಣ ಎಳೆ. ಟೋಕಿಯೊದಲ್ಲಿ ಒಬ್ಬಂಟಿಯಾಗಿ ಪುಟ್ಟ ಮಗನನ್ನು ಸಾಕುತ್ತಿರುವ ಅಪ್ಪನೊಬ್ಬ ಈ ಕಾವೋರಿ ಬರೆದಿದ್ದನ್ನು ಓದಿಕೊಂಡು ಬುತ್ತಿ ಕಟ್ಟುವುದಕ್ಕೆ ತೊಡಗುತ್ತಾನೆ. ನಿರ್ದೇಶಕರು ಆ ಎಳೆಯನ್ನು ಪಕ್ಕದ ಕತೆಯಾಗಿ ಬಿಟ್ಟರು. ಇಡೀ ಸಿನಿಮಾ ಅವನದಾಗಬಹುದಿತ್ತು.

ಆ ಅಪ್ಪನಿಂದ ಮತ್ತೆ ಪುಸ್ತಕದ ಕಪಾಟಿಗೆ ಬರುತ್ತೇನೆ. ಬುತ್ತಿ ಅಂದರೆ ಎರಡು ಕೆಲಸ, ಮಾಡೋದು ಒಂದು, ತುಂಬೋದು ಇನ್ನೊಂದು. ಬೆಳಿಗ್ಗೆಯೇ ಎದ್ದು ಮಾಡುವವರಿಗೆ ಇವೆರಡೂ ಬೇರೆ ಅಂತ ಗೊತ್ತಾಗೋದೇ ಇಲ್ಲ. ಮಾಡುವವಳೇ ತುಂಬುತ್ತಾಳೆ. ತ್ಸುಕುರಿಓಕಿ ಅವೆರಡರ ನಡುವೆ ಒಂದು ರಾತ್ರಿ ತಂದಿಟ್ಟಿತು. ಮಾಡಲು ಕೈಪಳಗಬೇಕು. ತುಂಬಲು? ಮೂರು, ಒಂದು, ಎರಡು ಅಂತ ಎಣಿಸಲು ಬಂದರೆ ಸಾಕು. ಹತ್ತು ವರ್ಷದ ಹುಡುಗನಿಗೂ ಬರುತ್ತೆ, ಎಂಜಿನಿಯರಿಗಂತೂ ಬರಲೇಬೇಕು. ಈ ಪುಸ್ತಕಗಳ ನಿಜವಾದ ಕ್ರಾಂತಿ ಇರೋದು ಇಲ್ಲಿ. ವಿಚಿತ್ರ ಅಂದ್ರೆ ನಾನು ನೋಡಿದ ಪುಸ್ತಕಗಳು ಯಾವುವೂ ಇದನ್ನು ಗಮನಿಸಿದ ಹಾಗಿಲ್ಲ. ಭಾನುವಾರ ಮಾಡಿದವಳೇ ಸೋಮವಾರ ತುಂಬುತ್ತಾಳೆ ಅಂತ ಅವು ತೀರ್ಮಾನಿಸಿಬಿಟ್ಟಿವೆ.

ನಮ್ಮ ಮನೆಯಲ್ಲಿ ಇದು ತಮಾಷೆಯ ವಿಷಯವಲ್ಲ. ಜಪಾನಿ ತಾಯಂದಿರಿಗೆ ಮಗು ಪ್ರಾಥಮಿಕ ಶಾಲೆ ಸೇರಿದ ದಿನ ಡಬ್ಬಿಯಿಂದ ಬಿಡುಗಡೆ. 1954ರ ಶಾಲಾ ಊಟದ ಕಾನೂನಿನಿಂದ ಬೆಳೆದ 'ಕ್ಯೂಶೊಕು' ಪದ್ಧತಿಯಲ್ಲಿ ಊಟ ಶಾಲೆಯಲ್ಲೇ ಸಿಗುತ್ತೆ, ಹೈಸ್ಕೂಲಿನವರೆಗೆ ಡಬ್ಬಿಯ ಚಿಂತೆ ಇರೋದಿಲ್ಲ. ನಮ್ಮಂಥ ಸಸ್ಯಾಹಾರಿಗಳಿಗೆ ಆ ಬಿಡುಗಡೆ ಇಲ್ಲ. ಅಲ್ಲಿನ ಸಾರಿನ ಬುಡದಲ್ಲೇ ಮೀನು ಇರುತ್ತೆ. ಹಾಗಾಗಿ ತಿಂಗಳ ಮೊದಲು ಶಾಲೆಯಿಂದ ಊಟದ ಪಟ್ಟಿ ಬಂದ ಕೂಡಲೇ ನಮ್ಮ ಕಟ್ಟಡದ ಇಂಡಿಯನ್ ಅಮ್ಮಂದಿರು ಅದನ್ನು ಪಂಚಾಂಗದ ಹಾಗೆ ನೋಡುತ್ತಾರೆ. ಅಲ್ಲಿ ಹುರಿದ ಕೋಳಿ ಇದ್ದ ದಿನ ಇಲ್ಲಿ ಹುರಿದ ತೋಫು, ಅಲ್ಲಿ ಕರಿ ಇದ್ದ ದಿನ ಇಲ್ಲೂ ಅದೇ ಬಣ್ಣದ ಕರಿ. ಪಕ್ಕದ ಮಗುವಿನ ತಟ್ಟೆಗೂ ನಮ್ಮ ಮಗುವಿನ ಡಬ್ಬಿಗೂ ದೂರದಿಂದ ನೋಡಿದರೆ ವ್ಯತ್ಯಾಸ ಕಾಣಬಾರದು ಅಂತ. ಕೊಂಬು ಪಾಚಿಯನ್ನೂ ಒಣ ಶೀತಾಕೆ ಅಣಬೆಯನ್ನೂ ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿದರೆ ಮೀನಿಲ್ಲದ ದಾಶಿ ಆಗುತ್ತೆ. ಅದು ಫ್ರಿಜ್ಜಿನಲ್ಲಿದ್ದರೆ ಪುಸ್ತಕದ ಮುಕ್ಕಾಲು ಪದಾರ್ಥ ನಮಗೂ ದಕ್ಕುತ್ತವೆ. ನಮ್ಮ ಕಿನ್‌ಪಿರಾದ ಪಕ್ಕದ ಡಬ್ಬಿಯಲ್ಲಿ ಪುಳಿಯೋಗರೆ ಗೊಜ್ಜು ಇರುತ್ತೆ, ಮೂರು ವಾರ ಕೆಡದ ಆ ಗೊಜ್ಜಿನ ಮುಂದೆ ಯಾವ ಜೋಬಿಸಾಯೂ ನಿಲ್ಲೋದಿಲ್ಲ ಅನ್ನುವ ಪಕ್ಷಪಾತ ನನಗಿದೆ.

ಈ ಪುಸ್ತಕಗಳಿಗೆ ಒಂದು ಪುಟ ಸೇರಿಸುವ ಅಧಿಕಾರ ಸಿಕ್ಕರೆ ನಾನು ಪಾಕವಿಧಾನ ಸೇರಿಸೋದಿಲ್ಲ. ತುಂಬುವವರಿಗೆ ಒಂದು ಪುಟ ಬರೆಯುತ್ತೇನೆ. ಯಾವುದನ್ನು ಮೊದಲು ಖರ್ಚು ಮಾಡಬೇಕು, ಯಾವುದನ್ನು ಬಿಸಿ ಮಾಡಲೇಬೇಕು, ಅನ್ನ ಎಲ್ಲಿಯವರೆಗೆ ಬರಬೇಕು, ಅಮ್ಮನನ್ನು ಎಬ್ಬಿಸಿ ಕೇಳಬಾರದ ಪ್ರಶ್ನೆಗಳು ಯಾವುವು. ಕೊನೆಯದಕ್ಕೆ ಜಾಗ ಜಾಸ್ತಿ ಬೇಕಾಗುತ್ತೆ. ಡಬ್ಬಿಗಳ ಮೇಲೆ ಹೆಸರು ತಾರೀಖು ಬರೆಯಿರಿ ಅಂತ ಪುಸ್ತಕಗಳೂ ಹೇಳುತ್ತವೆ ನಿಜ, ಆದರೆ ಬರೆದವಳೇ ಓದಿಕೊಳ್ಳಲಿ ಅಂತ ಹೇಳುತ್ತವೆ. ನಮ್ಮ ಫ್ರಿಜ್ಜಿನ ಚೀಟಿಗಳು ಇನ್ನೊಬ್ಬರು ಓದಲು ಬರೆದವು: 'ಮಂಗಳವಾರದೊಳಗೆ', 'ಬಿಸಿ ಮಾಡಿ, ಆರಿಸಿ', 'ಎರಡು ಚಮಚ, ಅವಳು ಜಾಸ್ತಿ ತಿನ್ನಲ್ಲ'. ಬುಧವಾರ ಗುರುವಾರ ತುಂಬೋದು ನಮ್ಮ ಯಜಮಾನರ ಪಾಳಿ. ಅವರು ತುಂಬಿದ ಡಬ್ಬಿಯಲ್ಲಿ ಐದು ಬಣ್ಣ ಇರೋದಿಲ್ಲ, ಹೆಚ್ಚೆಂದರೆ ಮೂರು, ಅದರಲ್ಲೂ ಎರಡು ಕಂದು. ಮಗಳು ಖಾಲಿ ಮಾಡಿಕೊಂಡು ಬರುತ್ತಾಳೆ. ಶುಕ್ರವಾರದ್ದು ಅವಳೇ ತುಂಬಿಕೊಳ್ಳುತ್ತಾಳೆ, ಪಲ್ಯದ ಪಾಲು ಎರಡರ ಬದಲು ಒಂದಾಗಿರುತ್ತೆ.

ಭಾನುವಾರ ಗೊಬೊ ಹೆಚ್ಚುವ ಕೆಲಸ ಇನ್ನೂ ನನ್ನ ಹತ್ತಿರವೇ ಇದೆ. ಅದರ ಮಾತುಕತೆ ನಡೆಯುತ್ತಿದೆ. ಅಲ್ಲಿಯವರೆಗೆ ಚೀಟಿ ಬರೆಯಲು ಬೇಕಾದ ಮಾಸ್ಕಿಂಗ್ ಟೇಪು ಇಲ್ಲಿನ ನೂರು ಯೆನ್ ಅಂಗಡಿಯಲ್ಲಿ ಸಿಗುತ್ತೆ. ಫ್ರೀಜರಿನ ತೇವಕ್ಕೂ ಏಳೋದಿಲ್ಲ.